ಮೂಕಪ್ರಾಣಿಗಳಿಗೆ ಮನೆಯನ್ನು ಹುಡುಕುವ ಸೇವೆ

ಮೂಕಪ್ರಾಣಿಗಳಲ್ಲಿ ದಯೆಯಿಡಬೇಕೆಂಬ ಮಾತನ್ನು ಕೇಳದೆ ಬೆಳೆದ ಮಗುವು ನಮ್ಮ ದೇಶದಲ್ಲಿ ಇರಲಾರದು. ಪಾಠಪುಸ್ತಕಗಳಲ್ಲಿ ಅದಿದೆ, ಹಿರಿಯರ ಬುದ್ಧಿವಾದದಲ್ಲಿ ಅದಿದೆ, ಹುಡುಗಿಯರು ಬರೆದು ತರಗತಿಯ ಗೋಡೆಗೆ ಅಂಟಿಸುವ ಹಿತವಚನಗಳಲ್ಲಿಯೂ ಅದಿದೆ. ಆದಾಗ್ಯೂ ಯಾವ ಊರಿನ ಯಾವ ಬೀದಿಗೆ ಹೋದರೂ ಪಕ್ಕೆಲುಬುಗಳನ್ನು ಎಣಿಸಬಹುದಾದ ನಾಯಿಯೊಂದು, ಕಣ್ಣು ಅಂಟಿಕೊಂಡ ಬೆಕ್ಕಿನ ಮರಿಯೊಂದು ಎದುರಾಗದೆ ಇರುವುದಿಲ್ಲ. ಜನರ ಎದೆಯಲ್ಲಿ ಕನಿಕರವು ಬತ್ತಿಹೋಗಿದೆಯೆಂದು ಇದರಿಂದ ತಿಳಿಯಬಾರದು. ಕನಿಕರವು ಬೇಕಾದಷ್ಟಿದೆ, ಆದರೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಂದು ರೊಟ್ಟಿಯ ತುಂಡನ್ನು ಎಸೆಯುವಷ್ಟು ಹೊತ್ತು ನಿಲ್ಲುತ್ತದೆ. ನಾಯಿಯ ಆಯುಸ್ಸಾದರೋ ಹತ್ತು ಹನ್ನೆರಡು ವರುಷಗಳು. ಈ ರೊಟ್ಟಿಯ ತುಂಡಿಗೂ ಆ ಹನ್ನೆರಡು ವರುಷಗಳಿಗೂ ನಡುವೆ ಇರುವ ಅಂತರವೇ ಈ ಲೇಖನದ ವಿಷಯವು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ದಿಕ್ಕಿಲ್ಲದ ಪ್ರಾಣಿಯೊಂದನ್ನು ಬೀದಿಯಿಂದ ಎತ್ತಿ ತರುವುದು ದಯೆಯ ಮೊದಲನೆಯ ಮೆಟ್ಟಲು ಮಾತ್ರವೇ. ಅದಕ್ಕೆ ತಕ್ಕ ಮನೆಯನ್ನು ಹುಡುಕಿ, ಆ ಮನೆಯಲ್ಲಿ ಅದು ಕೊನೆಯ ತನಕ ಬಾಳುವಂತೆ ನೋಡಿಕೊಂಡಾಗಲೇ ದಯೆಯು ಪೂರ್ಣವಾಗುವುದು. ಮೊದಲನೆಯದಕ್ಕೆ ಒಂದು ಗಳಿಗೆಯ ಮರುಕ ಸಾಕು. ಎರಡನೆಯದಕ್ಕೆ ಶಿಸ್ತು, ತಾಳ್ಮೆ, ಲೆಕ್ಕಾಚಾರ, ಕೆಲವು ವೇಳೆ ನಿಷ್ಠುರವಾದ ಮಾತು ಕೂಡ ಬೇಕು. ಇದನ್ನು ನಾವು ಕಲಿತುಕೊಂಡದ್ದು ನಮ್ಮ ಗೆಳತಿಯೊಬ್ಬರ ಕೆಲಸವನ್ನು ಅನೇಕ ವರುಷಗಳಿಂದ ಹತ್ತಿರದಿಂದ ನೋಡಿ.

ಅವರೂ ನಾವೂ ಉಪಾಧ್ಯಾಯಿನಿಯರ ಟ್ರೇನಿಂಗ್ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು. ಈಗ ಅವರು ಬೇರೊಂದು ಊರಿನಲ್ಲಿ ಗಣಿತವನ್ನು ಕಲಿಸುತ್ತಾರೆ. ತಮ್ಮ ಹೆಸರನ್ನು ಅಚ್ಚಿಗೆ ಕೊಡಕೂಡದೆಂದು ಕಟ್ಟಪ್ಪಣೆ ಮಾಡಿರುವುದರಿಂದ ನಮ್ಮ ಗೆಳತಿಯೆಂದೇ ಅವರನ್ನು ಕರೆಯುವೆವು. ಆ ಊರಿನ ಹೊರಗೆ, ಹಳೆಯ ಹಂಚಿನ ಕಾರ್ಖಾನೆಯ ಮಗ್ಗುಲಲ್ಲಿ, ದಯಾವಂತರು ಕೆಲವರು ಕೂಡಿಕೊಂಡು ನಡೆಯಿಸುವ ಪ್ರಾಣಿಗಳ ಆಶ್ರಯವೊಂದಿದೆ. ಬೆಳಿಗ್ಗೆ ಶಾಲೆಗೆ ಹೋಗುವುದಕ್ಕೆ ಮುಂಚೆ ಒಂದೂವರೆ ತಾಸು, ಸಾಯಂಕಾಲ ಶಾಲೆ ಬಿಟ್ಟ ಮೇಲೆ ದೀಪ ಹಚ್ಚುವವರೆಗೆ ಅವರು ಅಲ್ಲಿಯೇ ಇರುವರು. ಇದಕ್ಕೆ ಸಂಬಳವಿಲ್ಲ. ತಮ್ಮ ಸಂಬಳದಲ್ಲಿಯೇ ಒಂದು ಪಾಲನ್ನು ಪ್ರತಿ ತಿಂಗಳೂ ಅಕ್ಕಿಗೂ ಔಷಧಿಗೂ ತೆಗೆದಿಡುವರು.

ಅಲ್ಲಿ ನಡೆಯುವ ಕೆಲಸವು ಚಿತ್ರದಲ್ಲಿ ಕಾಣುವಂಥ ಕೆಲಸವಲ್ಲ. ನಾಯಿಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಸವರುವುದಕ್ಕೆ ದಿನಕ್ಕೆ ಐದು ನಿಮಿಷವೂ ಸಿಕ್ಕುವುದಿಲ್ಲವೆಂದು ಅವರು ಹೇಳುವರು. ಮೊದಲು ಗೂಡುಗಳನ್ನು ತೊಳೆಯಬೇಕು. ಹೇಲು ಉಚ್ಚೆಗಳನ್ನು ಬಳಿದು ಫಿನಾಯಿಲು ಹಾಕಬೇಕು. ದೊಡ್ಡ ಪಾತ್ರೆಯಲ್ಲಿ ಅನ್ನವನ್ನೂ ಮಾಂಸದ ಚೂರುಗಳನ್ನೂ ಬೇಯಿಸಬೇಕು. ತುರಿ ಹತ್ತಿದ ಮೈಗೆ ಔಷಧಿ ಸವರಬೇಕು, ಗಾಯದಲ್ಲಿ ಬಿದ್ದ ಹುಳಗಳನ್ನು ಒಂದೊಂದಾಗಿ ಚಿಮಟದಿಂದ ತೆಗೆಯಬೇಕು. ಹೊಸದಾಗಿ ಬಂದ ಪ್ರಾಣಿಯನ್ನು ಕೆಲವು ದಿನ ಪ್ರತ್ಯೇಕವಾಗಿಯೇ ಇಡಬೇಕು. ಯಾಕಂದರೆ ಪಾರ್ವೊ, ಡಿಸ್ಟೆಂಪರ್ ಎಂಬ ಅಂಟುಜಾಡ್ಯಗಳು ಒಂದು ಮರಿಯಿಂದ ಇನ್ನೊಂದಕ್ಕೆ ಹಬ್ಬಿ ವಾರದೊಳಗೆ ಗೂಡುಗಳನ್ನು ಬರಿದುಮಾಡಬಲ್ಲವು. ಒಂದು ಗೂಡಿನಲ್ಲಿ ಕೆಲಸ ಮಾಡಿದ ಕೈಯನ್ನು ತೊಳೆಯದೆ ಇನ್ನೊಂದು ಗೂಡಿಗೆ ಹಾಕಕೂಡದೆಂಬ ನಿಯಮವನ್ನು ನಮ್ಮ ಗೆಳತಿಯು ಅಲ್ಲಿ ಸಹಾಯಕ್ಕೆ ಬರುವ ಕಾಲೇಜಿನ ಹುಡುಗರಿಗೆ ದಿನಾಲೂ ಹೇಳುವರು. ಕೂಡಿಸುವ ಲೆಕ್ಕದಲ್ಲಿ ದಶಕವನ್ನು ಮರೆಯುವ ಮಕ್ಕಳಿಗೆ ಹೇಳಿದ ಸ್ವರದಲ್ಲಿಯೇ ಹೇಳುವರು.

ಆದರೆ ಆ ಆಶ್ರಯದಲ್ಲಿ ಅವರು ವಿಶೇಷವಾಗಿ ವಹಿಸಿಕೊಂಡದ್ದು ಬೇರೆ ಕೆಲಸ. ಅದು ಪ್ರಾಣಿಗಳನ್ನು ಒಳಕ್ಕೆ ತರುವುದಕ್ಕಿಂತ ಹೊರಕ್ಕೆ ಕಳುಹಿಸುವ ಕೆಲಸ. ಆಶ್ರಯವು ಆಸ್ಪತ್ರೆಯ ಹಾಗೆ ಇರಬೇಕು, ಅಲ್ಲಿಯೇ ಬಾಳುವೆ ಮಾಡಬೇಕೆಂದು ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ ಎಂದು ಅವರು ಹೇಳುತ್ತಿರುವರು. ಇದು ನಿಜವೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮನುಷ್ಯರ ಕಾಲಬಳಿಯಲ್ಲಿ ಮಲಗಿ ಬೆಳೆದ ನಾಯಿಯು ಗೂಡಿನಲ್ಲಿ ತಿಂಗಳುಗಟ್ಟಲೆ ಇದ್ದರೆ ಬದಲಾಗುತ್ತದೆ. ಕೆಲವು ಹಗಲಿರುಳೂ ಬೊಗಳಿ ಗಂಟಲನ್ನು ಒಣಗಿಸಿಕೊಳ್ಳುವುವು. ಕೆಲವು ಇದ್ದ ಜಾಗದಲ್ಲಿಯೇ ಸುತ್ತು ಹಾಕುವುವು. ಕೆಲವು ಗೋಡೆಗೆ ಮುಖಮಾಡಿ ಮಲಗಿ, ತಿನ್ನಲು ಕರೆದರೂ ಏಳುವುದಿಲ್ಲ. ನೋಡಲು ಬಂದವರು ಇಂಥ ನಾಯಿಯನ್ನು ಕಂಡು ಇದು ಮಂಕಾಗಿದೆ, ಬೇಡ ಎಂದು ಮುಂದಕ್ಕೆ ಹೋಗುವರು. ಬೇಡವೆಂದಷ್ಟೂ ಅದು ಅಲ್ಲಿಯೇ ಉಳಿಯುವುದು, ಉಳಿದಷ್ಟೂ ಮಂಕಾಗುವುದು.

ಈ ಸುತ್ತನ್ನು ಮುರಿಯುವುದಕ್ಕಾಗಿ ನಮ್ಮ ಗೆಳತಿಯು ಒಂದು ದಪ್ಪ ರಿಜಿಸ್ಟರನ್ನು ಇಟ್ಟಿರುವರು. ಮೊದಲನೆಯ ಅಂಕಣದಲ್ಲಿ ಪ್ರಾಣಿಯು ಬಂದ ದಿನ, ಎರಡನೆಯದರಲ್ಲಿ ಹಾಕಿಸಿದ ಲಸಿಕೆಗಳು, ಮೂರನೆಯದರಲ್ಲಿ ಸಂತಾನ ನಿಲ್ಲಿಸುವ ಶಸ್ತ್ರಚಿಕಿತ್ಸೆಯ ದಿನ. ನಾಲ್ಕನೆಯದು ಎಲ್ಲಕ್ಕಿಂತ ಅಗಲವಾದ ಅಂಕಣ, ಅದರ ತಲೆಬರಹವು 'ಸ್ವಭಾವ' ಎಂಬುದು. ಮಕ್ಕಳ ಪ್ರಗತಿಪತ್ರಕ್ಕೆ ಬರೆಯುವ ಉಪಾಧ್ಯಾಯಿನಿಯ ಕೈಯೇ ಅಲ್ಲಿಯೂ ಕಾಣಿಸುವುದು. ಗಂಡಸರ ಎತ್ತರದ ದನಿಗೆ ಹೆದರುತ್ತದೆ. ಬೆಕ್ಕನ್ನು ಕಂಡರೆ ತಡೆಯಲಾರದು. ಊಟದ ತಟ್ಟೆಯ ಹತ್ತಿರ ಯಾರನ್ನೂ ಸೇರಿಸದು. ಚಿಕ್ಕ ಮಕ್ಕಳೊಂದಿಗೆ ಮೆತ್ತಗಿರುತ್ತದೆ. ಮನೆಗೆ ಕರೆದೊಯ್ಯಲು ಬಂದವರಿಗೆ ಅವರು ಪ್ರಾಣಿಯನ್ನು ತೋರಿಸುವುದಕ್ಕೆ ಮೊದಲು ಪ್ರಶ್ನೆಗಳನ್ನು ಕೇಳುವರು. ಮನೆಯು ಸ್ವಂತದ್ದೋ ಬಾಡಿಗೆಯದೋ? ಮನೆಯ ಒಡೆಯರ ಒಪ್ಪಿಗೆ ಇದೆಯೋ? ಹಗಲು ಹೊತ್ತಿನಲ್ಲಿ ಮನೆಯಲ್ಲಿ ಯಾರಿರುವರು? ಊರಿಗೆ ಹೋಗುವಾಗ ಯಾರ ಕೈಗೆ ಒಪ್ಪಿಸುವಿರಿ? ಮನೆಯಲ್ಲಿ ಹಿರಿಯರಿಗೆ ಇದು ಸಮ್ಮತವೋ? ಇಷ್ಟು ಕೇಳುವಷ್ಟರಲ್ಲಿಯೇ ಕೆಲವರು ಕೈಗಡಿಯಾರವನ್ನು ನೋಡಿಕೊಂಡು ಎದ್ದುಹೋಗುವುದುಂಟು. ಹೋಗಲಿ, ಆರು ತಿಂಗಳು ಕಳೆದ ಮೇಲೆ ನಾಯಿಯನ್ನು ಬಿಟ್ಟುಹೋಗುವವರು ಆರು ನಿಮಿಷದಲ್ಲಿ ಹೋದರೆ ಒಳ್ಳೆಯದೇ, ಎಂಬುದು ಅವರ ಮಾತು.

ಒಮ್ಮೆ ಆ ಊರಿನ ಶ್ರೀಮಂತರೊಬ್ಬರು ಕಾರಿನಲ್ಲಿ ಬಂದು, ತಮ್ಮ ತೋಟದ ಬಾಗಿಲಿಗೆ ಕಟ್ಟಿಹಾಕುವುದಕ್ಕೆ ಎತ್ತರದ ನಾಯಿಯೊಂದು ಬೇಕೆಂದೂ ಆಶ್ರಯಕ್ಕೆ ದೊಡ್ಡ ಮೊತ್ತವನ್ನು ದಾನಮಾಡುವೆವೆಂದೂ ಹೇಳಿದರು. ಆ ತಿಂಗಳಲ್ಲಿ ಅಕ್ಕಿಯ ಅಂಗಡಿಯವರಿಗೆ ಬಾಕಿ ಇತ್ತು. ಹಾಗಿದ್ದರೂ ನಮ್ಮ ಗೆಳತಿಯು ಹಗಲಿರುಳು ಸರಪಳಿಯಲ್ಲಿ ಇಡುವ ಮನೆಗೆ ನಮ್ಮ ನಾಯಿಯನ್ನು ಕೊಡುವುದಿಲ್ಲ, ಕಾವಲಿಗೆ ಮನುಷ್ಯರನ್ನು ನೇಮಿಸಿಕೊಳ್ಳಿರಿ ಎಂದು ಕೈಮುಗಿದು ಕಳುಹಿಸಿಬಿಟ್ಟರು. ಅದೇ ವಾರದಲ್ಲಿ ಬಟ್ಟೆ ಹೊಲಿಯುವವರೊಬ್ಬರು ತಮ್ಮ ಹೆಂಡತಿಯೊಡನೆ ಬಂದರು. ಮಕ್ಕಳು ದೂರದ ಊರುಗಳಲ್ಲಿ. ಮನೆಯು ಎರಡೇ ಕೋಣೆಗಳದು. ಅವರಿಗೆ ತೋರಿಸಿದ್ದು ಲಾರಿಯ ಕೆಳಗೆ ಸಿಕ್ಕಿ ಹಿಂಗಾಲೊಂದನ್ನು ಕಳಕೊಂಡಿದ್ದ, ಒಂಬತ್ತು ವರುಷದ ಕಂದುಬಣ್ಣದ ಹೆಣ್ಣುನಾಯಿ. ಎರಡು ವರುಷದಿಂದ ಯಾರೂ ಕೇಳದೆ ಉಳಿದದ್ದು. ಆಕೆಯು ನಾಯಿಯನ್ನು ಸ್ವಲ್ಪ ಹೊತ್ತು ನೋಡಿ, ಇದು ಹೊಲಿಗೆಯ ಯಂತ್ರದ ಸಪ್ಪಳಕ್ಕೆ ಹೆದರೀತೇ ಎಂದು ಮಾತ್ರ ಕೇಳಿದರಂತೆ. ನಮ್ಮ ಗೆಳತಿಯು ಆ ನಾಯಿಯನ್ನು ಅವರಿಗೆ ಕೊಟ್ಟರು. ಅದು ಮೂರು ವರುಷ ಆ ಯಂತ್ರದ ಕೆಳಗೆ ಮಲಗಿತು. ಮನೆಯ ಆಸ್ತಿಯನ್ನು ನೋಡದೆ, ಆ ಮನೆಯವರು ಯಾವ ಪ್ರಶ್ನೆಯನ್ನು ಕೇಳುವರೆಂಬುದನ್ನು ನೋಡಬೇಕೆಂದು ಅವರು ಹೊಸಬರಿಗೆ ಕಲಿಸುವರು.

ಕೊಟ್ಟ ಮೇಲೂ ಅವರ ಕೆಲಸವು ಮುಗಿಯುವುದಿಲ್ಲ. ಒಂದು ವಾರಕ್ಕೆ, ಒಂದು ತಿಂಗಳಿಗೆ, ಒಂದು ವರುಷಕ್ಕೆ ಆ ಮನೆಗೆ ಹೋಗಿ ನೋಡಿ ಬಂದು ರಿಜಿಸ್ಟರಿನಲ್ಲಿ ಗುರುತು ಹಾಕುವರು. ಹೊಂದಿಕೆಯಾಗದಿದ್ದರೆ ಬೈಯದೆ ಹಿಂದಕ್ಕೆ ಕರೆತರುವರು. ಬೈದರೆ ಮುಂದಿನ ಸಾರಿ ಆಶ್ರಯಕ್ಕೆ ತಂದೊಪ್ಪಿಸದೆ ಹೆದ್ದಾರಿಯ ಮೇಲೆ ಇಳಿಸಿಹೋದಾರೆಂದು ಅವರಿಗೆ ಗೊತ್ತು.

ಇಲ್ಲಿ ಒಂದು ಕಹಿಯಾದ ಸಂಗತಿಯನ್ನು ಹೇಳಬೇಕಾಗಿದೆ. ಆಶ್ರಯಗಳು ತುಂಬುವುದು ಬೀದಿಯಲ್ಲಿ ಹುಟ್ಟಿದ ಪ್ರಾಣಿಗಳಿಂದ ಮಾತ್ರವೆಂದು ಜನರು ತಿಳಿದಿರುವರು. ಅಲ್ಲಿಯ ಗೂಡುಗಳಲ್ಲಿ ಹಣಕೊಟ್ಟು ತಂದ ವಿದೇಶೀ ತಳಿಯ ನಾಯಿಗಳೂ ಉಂಟು. ೨೦೦೩ರ ಸುಮಾರಿಗೆ ದೂರವಾಣಿಯ ಕಂಪನಿಯೊಂದರ ಜಾಹಿರಾತಿನಲ್ಲಿ ಚಪ್ಪಟೆ ಮೂಗಿನ ಪಗ್ ಎಂಬ ತಳಿಯ ನಾಯಿಯನ್ನು ಕಂಡು ಊರೂರಿನಲ್ಲಿ ಜನರು ಅದನ್ನು ಕೊಂಡರು. ಆ ಮೂಗಿನ ರಚನೆಯಿಂದ ಸೆಕೆಯಲ್ಲಿ ಅದಕ್ಕೆ ಉಸಿರಾಟವೇ ಕಷ್ಟವೆಂಬುದನ್ನು ಮಾರಿದವರು ಹೇಳಿರಲಿಲ್ಲ. ಹಿಮದ ಸೀಮೆಯಲ್ಲಿ ಬಂಡಿಯೆಳೆಯಲು ಹುಟ್ಟಿದ ಹಸ್ಕಿಯನ್ನು ತಂದು ಬಯಲುಸೀಮೆಯ ಬಿಸಿಲಿನಲ್ಲಿ ಸಾಕುವವರಿದ್ದಾರೆ. ಮರಿಯು ಮುದ್ದಾಗಿರುವ ತನಕ ಮನೆಯಲ್ಲಿರುತ್ತದೆ. ಬೆಳೆದು ಕುರ್ಚಿಯ ಕಾಲನ್ನು ಕಚ್ಚಿದಾಗ, ಯಜಮಾನರಿಗೆ ವರ್ಗವಾದಾಗ, ಮನೆಯಲ್ಲಿ ಕೂಸು ಹುಟ್ಟಿದಾಗ, ಚರ್ಮಕ್ಕೆ ರೋಗ ಹತ್ತಿದಾಗ ಅದು ಭಾರವಾಗುತ್ತದೆ. ಒಂದು ಮುಂಜಾನೆ ಆಶ್ರಯದ ಬಾಗಿಲಿಗೆ ಕಟ್ಟಿಹಾಕಿ ಹೋಗಿರುವರು. ಇವರಲ್ಲಿ ಓದಿದವರೇ ಹೆಚ್ಚೆಂದು ನಮ್ಮ ಗೆಳತಿಯು ಹೇಳಿದಾಗ ಉಪಾಧ್ಯಾಯಿನಿಯರಾದ ನಮಗೆ ನೋವಾಯಿತು.

ಇಂಥ ತ್ಯಾಗವು ಅಪರಾಧವೆಂದು ಶಾಸನವೂ ಹೇಳುತ್ತದೆ. ನೃತ್ಯಕಲೆಯಲ್ಲಿ ಹೆಸರಾದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಸದಸ್ಯರಾಗಿದ್ದಾಗ ೧೯೫೩ರಲ್ಲಿ ಮಂಡಿಸಿದ ಮಸೂದೆಯ ಫಲವಾಗಿ ಮುಂದೆ ೧೯೬೦ನೆಯ ಇಸವಿಯಲ್ಲಿ ಪ್ರಾಣಿಹಿಂಸಾ ನಿವಾರಣ ಶಾಸನವು ಹುಟ್ಟಿತು. ಅದರ ಮೇರೆಗೆ ೧೯೬೨ರಲ್ಲಿ ಏರ್ಪಟ್ಟ ಪ್ರಾಣಿಕಲ್ಯಾಣ ಮಂಡಲಿಗೆ ಅವರೇ ಮೊದಲನೆಯ ಅಧ್ಯಕ್ಷರಾದರು. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಬಿಡುವುದು ಆ ಶಾಸನದ ೧೧ನೆಯ ಕಲಮಿನಂತೆ ಶಿಕ್ಷಾರ್ಹವು. ಆದರೆ ಮೊದಲನೆಯ ಸಾರಿಯ ತಪ್ಪಿಗೆ ಅದರಲ್ಲಿ ಗೊತ್ತುಮಾಡಿದ ದಂಡವು ೧೦ ರೂಪಾಯಿಗೆ ಕಡಿಮೆಯಿಲ್ಲದೆ ೫೦ ರೂಪಾಯಿಯವರೆಗೆ ಮಾತ್ರ. ಐವತ್ತು ರೂಪಾಯಿಯ ಹೆದರಿಕೆಯಿಂದ ಯಾರ ಹೃದಯವೂ ತಿದ್ದದು. ಶಾಸನದ ಕೈ ಮೋಟಾಗಿರುವಲ್ಲಿ ಮನೆ ಮತ್ತು ಶಾಲೆಗಳ ಶಿಕ್ಷಣವೇ ಆ ಕೆಲಸವನ್ನು ಮಾಡಬೇಕು.

ಈ ಸೇವೆಯು ಹೊಸದೂ ಅಲ್ಲ. ಇದನ್ನು ಜನರು ಹಾಸ್ಯ ಮಾಡುವುದೂ ಹೊಸದಲ್ಲ. ೧೮೬೦ನೆಯ ಇಸವಿಯಲ್ಲಿ ಲಂಡನ್ ಪಟ್ಟಣದ ಹಾಲೋವೇ ಎಂಬ ಭಾಗದಲ್ಲಿ ಮೇರಿ ಟೀಲ್ಬಿ ಎಂಬ ಮಹಿಳೆಯು, ದಾರಿತಪ್ಪಿದ ಮತ್ತು ಹಸಿದ ನಾಯಿಗಳಿಗೆಂದು ಆಶ್ರಯವೊಂದನ್ನು ತೆರೆದರು. ಮನುಷ್ಯರೇ ಹಸಿದಿರುವ ಊರಿನಲ್ಲಿ ನಾಯಿಗಳಿಗೆ ಮನೆಯೇ ಎಂದು ಪತ್ರಿಕೆಗಳು ನಕ್ಕುವು. ಅದಾದ ಎರಡು ವರುಷಕ್ಕೆ, ೧೮೬೨ರಲ್ಲಿ, ಪ್ರಸಿದ್ಧ ಕಾದಂಬರಿಕಾರರಾದ ಚಾರ್ಲ್ಸ್ ಡಿಕನ್ಸರ ವಾರಪತ್ರಿಕೆಯಲ್ಲಿ ಬಂದ ಒಂದು ಲೇಖನವು ಬೆಲೆಬಾಳುವ ನಾಯಿಗಳ ಪ್ರದರ್ಶನವನ್ನೂ ಹಾಲೋವೇಯ ಬಡನಾಯಿಗಳ ಆಶ್ರಯವನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ತೋರಿಸಿತು. ಓದಿದವರ ಮನಸ್ಸು ತಿರುಗುವುದಕ್ಕೆ ಅದೊಂದು ಕಾರಣವಾಯಿತು. ಮೇರಿ ಟೀಲ್ಬಿಯವರು ೧೮೬೫ರಲ್ಲಿ ತೀರಿಕೊಂಡರು. ಅವರು ತೊಡಗಿದ ಕೆಲಸವು ೧೮೭೧ರಲ್ಲಿ ಬ್ಯಾಟರ್‌ಸೀ ಎಂಬಲ್ಲಿಗೆ ಹೋಗಿ ನೆಲೆಸಿ ಇಂದಿಗೂ ನಡೆದಿದೆ. ನಮ್ಮ ದೇಶದಲ್ಲಿಯೂ ೧೮೬೧ರಷ್ಟು ಹಿಂದೆ ಕಲಕತ್ತೆಯಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಸಂಘವು ಸ್ಥಾಪಿತವಾಯಿತು.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ನಮ್ಮ ಕನ್ನಡನಾಡಿನ ಕಲ್ಲನ್ನೇ ಓದಬಹುದು. ಮಂಡ್ಯದ ಸೀಮೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಕ್ರಿ. ಶ. ೯೪೯-೯೫೦ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ದೊರೆಯು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿಯು ಕಾಡುಹಂದಿಯೊಂದಿಗೆ ಹೋರಾಡಿ ಹಂದಿಯೂ ತಾನೂ ಸತ್ತಾಗ ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದಾನವಾಗಿ ಬಿಟ್ಟರು. ಬೇಡಿ ತಂದುದನ್ನು ಸಾಯುವವರೆಗೆ, ಸತ್ತ ಮೇಲೂ ತನ್ನದೆಂದು ಒಪ್ಪಿಕೊಂಡವನ ಕಥೆಯಿದು. ಅದು ಬೇಟೆಯಲ್ಲಿ ಹೆಸರು ಪಡೆದ ನಾಯಿಯಾಗಿತ್ತು ನಿಜ. ಗೂಡಿನ ಮೂಲೆಯಲ್ಲಿ ಮಲಗಿದ ಕುಂಟನಾಯಿಗೆ ಯಾರೂ ಕಲ್ಲು ನಿಲ್ಲಿಸಲಾರರು. ಅದು ಕಲ್ಲನ್ನು ಕೇಳುವುದೂ ಇಲ್ಲ, ಒಂದು ಚಾಪೆಯ ಜಾಗವನ್ನು ಕೇಳುತ್ತದೆ.

ಇನ್ನು ಆಕ್ಷೇಪಣೆಗಳನ್ನು ವಿಚಾರಿಸುವ. ಮನುಷ್ಯರ ಮಕ್ಕಳೇ ಹಸಿದಿರುವಾಗ ಈ ಹಣವನ್ನೂ ಶ್ರಮವನ್ನೂ ನಾಯಿಗಳಿಗೆ ಸುರಿಯುವುದು ಸರಿಯೋ ಎಂಬುದು ಮೊದಲನೆಯದು. ಇದು ಗೌರವದಿಂದ ಉತ್ತರ ಕೊಡಬೇಕಾದ ಪ್ರಶ್ನೆ. ನಾವು ಕಂಡ ಮಟ್ಟಿಗೆ ಒಂದು ಕಡೆಗೆ ಬಾಗಿಲು ತೆರೆದಿಟ್ಟ ಹೃದಯವು ಇನ್ನೊಂದು ಕಡೆಗೆ ಮುಚ್ಚಿರುವುದಿಲ್ಲ. ನಮ್ಮ ಗೆಳತಿಯ ತರಗತಿಯಲ್ಲಿ ಪುಸ್ತಕವಿಲ್ಲದ ಹುಡುಗಿಗೆ ಪುಸ್ತಕವನ್ನು ಕೊಡಿಸುವವರೂ ಅವರೇ. ಆ ಪ್ರಶ್ನೆಯನ್ನು ಎತ್ತುವವರಲ್ಲಿ ಎಷ್ಟು ಮಂದಿ ಹಸಿದ ಮಗುವಿಗೆ ಉಣಬಡಿಸುವರೆಂಬುದನ್ನು ಅವರವರೇ ಲೆಕ್ಕ ಮಾಡಿಕೊಳ್ಳಲಿ.

ಎರಡನೆಯ ಆಕ್ಷೇಪಣೆಯು ಹೆಚ್ಚು ಭಾರವಾದದ್ದು. ಹುಡುಗಿಯರ ಶಾಲೆಯ ಹೊಣೆಯನ್ನು ಹೊತ್ತಿರುವ ನಾವು ಅದನ್ನು ಹಗುರವಾಗಿ ಕಾಣಲಾರೆವು. ನಾಯಿಗಳು ಕಚ್ಚುತ್ತವೆ. ಹುಚ್ಚುನಾಯಿಯ ಕಡಿತದಿಂದ ಬರುವ ರೇಬೀಸ್ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಮನುಷ್ಯರಿಗೆ ಬರುವ ಈ ರೋಗದಲ್ಲಿ ೧೦೦ಕ್ಕೆ ೯೯ರವರೆಗೆ ನಾಯಿಗಳಿಂದಲೇ ಬರುವುದೆಂದೂ, ೫ರಿಂದ ೧೪ ವರುಷದ ಮಕ್ಕಳು ಇದಕ್ಕೆ ಹೆಚ್ಚಾಗಿ ತುತ್ತಾಗುವರೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ೧೮೮೫ರ ಜುಲೈ ೬ರಂದು ಲೂಯಿ ಪಾಶ್ಚರರು ಒಂಬತ್ತು ವರುಷದ ಹುಡುಗನೊಬ್ಬನನ್ನು ಈ ರೋಗದಿಂದ ಕಾಪಾಡಲು ಲಸಿಕೆಯನ್ನು ಚುಚ್ಚಿಸಿದರು. ಇಷ್ಟು ಕಾಲದಿಂದ ಮದ್ದು ಕೈಯಲ್ಲಿದ್ದೂ ಮಕ್ಕಳು ಸಾಯುವುದು ನಾಚಿಕೆಯ ಸಂಗತಿ. ಆದುದರಿಂದ ನಾಯಿಗಳ ಮೇಲಿನ ಪ್ರೀತಿಯ ಹೆಸರಿನಲ್ಲಿ ಮಕ್ಕಳ ಭಯವನ್ನು ಹಳಿಯುವವರ ಪಕ್ಷದಲ್ಲಿ ನಾವಿಲ್ಲ. ನಮ್ಮ ಗೆಳತಿಯೂ ಇಲ್ಲ.

ಆದರೆ ಈ ಭಯಕ್ಕೆ ನಿಜವಾದ ಪರಿಹಾರವು ಯಾವುದು? ಹೊಡೆದು ಕೊಲ್ಲುವುದರಿಂದಲೂ ಒಂದು ಬೀದಿಯ ನಾಯಿಗಳನ್ನು ಇನ್ನೊಂದು ಬೀದಿಗೆ ಬಿಡುವುದರಿಂದಲೂ ಅದು ಸಿಕ್ಕಿಲ್ಲ. ಬಿಟ್ಟ ಜಾಗಕ್ಕೆ, ಲಸಿಕೆ ಕಾಣದ ಬೇರೆ ನಾಯಿಗಳು ಬಂದು ಸೇರುವುವು. ಒಂದು ಪ್ರದೇಶದ ನಾಯಿಗಳಲ್ಲಿ ೧೦೦ಕ್ಕೆ ೭೦ಕ್ಕಾದರೂ ಲಸಿಕೆ ಹಾಕಿದರೆ ರೋಗವು ಹಬ್ಬುವ ಸರಪಳಿಯು ಕಡಿಯುವುದೆಂದು ವೈದ್ಯರು ಕಂಡುಕೊಂಡಿರುವರು. ಸಂತಾನ ನಿಲ್ಲಿಸುವ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಸ್ಥಳಕ್ಕೇ ಬಿಡಬೇಕೆಂಬ ಸರಕಾರದ ನಿಯಮಗಳು ೨೦೦೧ರಲ್ಲಿ ಬಂದುವು. ೨೦೨೩ರಲ್ಲಿ ಅವನ್ನು ಹೊಸದಾಗಿ ರಚಿಸಿದರು. ಆಶ್ರಯದಿಂದ ಮನೆಗೆ ಹೋಗುವ ಪ್ರತಿ ನಾಯಿಯೂ ಚಿಕಿತ್ಸೆಯಾದ, ಲಸಿಕೆಯಾದ, ಹೆಸರುಳ್ಳ, ಹೊಣೆಗಾರರುಳ್ಳ ನಾಯಿ. ಹಾಗಾದರೆ ನಮ್ಮ ಗೆಳತಿಯ ರಿಜಿಸ್ಟರು ನಾಯಿಗಳನ್ನು ಕಾಪಾಡುವಷ್ಟೇ ಮಕ್ಕಳನ್ನೂ ಕಾಪಾಡುತ್ತದೆ.

ಈ ವಿಷಯವು ಈಗ ನಮ್ಮ ಶಾಲೆಗಳ ಬಾಗಿಲಿಗೇ ಬಂದಿದೆ. ೨೦೨೫ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಮೊದಲು ದಿಲ್ಲಿಯ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿಡಬೇಕೆಂದು ೧೧ನೆಯ ತಾರೀಖಿನಲ್ಲಿ ಅಪ್ಪಣೆ ಕೊಟ್ಟು, ೨೨ರಂದು ಅದನ್ನು ತಿದ್ದಿ, ರೇಬೀಸ್ ತಗಲಿದ ಮತ್ತು ಮೇಲೆ ಬೀಳುವ ಸ್ವಭಾವದ ನಾಯಿಗಳ ಹೊರತು ಉಳಿದವನ್ನು ಚಿಕಿತ್ಸೆ ಲಸಿಕೆಗಳಾದ ಬಳಿಕ ಅವುಗಳ ಸ್ಥಳಕ್ಕೆ ಬಿಡಬಹುದೆಂದಿತು. ಬಳಿಕ ನವೆಂಬರ್ ೭ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ ಮುಂತಾದ ಸ್ಥಳಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯಗಳಿಗೆ ಸೇರಿಸಬೇಕೆಂದೂ ಅಲ್ಲಿಗೆ ತಿರುಗಿ ಬಿಡಕೂಡದೆಂದೂ ವಿಧಿಸಿತು. ಮಕ್ಕಳ ಕ್ಷೇಮಕ್ಕಾಗಿ ಕೊಟ್ಟ ಅಪ್ಪಣೆಯಿದು. ಶಾಲೆಯವರು ಅದನ್ನು ನಡೆಯಿಸಿಕೊಡಬೇಕಾದುದೇ ಧರ್ಮ. ಆದರೆ ಶಾಲೆಯ ಬಾಗಿಲಿನಿಂದ ಹೊರಟ ನಾಯಿಯು ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಅದು ಯಾವುದೋ ಊರಂಚಿನ ಗೂಡಿಗೆ ಹೋಗುತ್ತದೆ. ಅಲ್ಲಿ ಮೊದಲೇ ಎರಡಿದ್ದಲ್ಲಿ ಮೂರನೆಯದಾಗಿ ಸೇರುತ್ತದೆ. ನಮ್ಮ ಗೆಳತಿಯಂಥವರ ಪಾತ್ರೆಯಲ್ಲಿ ಇನ್ನೊಂದು ಸೇರು ಅಕ್ಕಿ ಹೆಚ್ಚಾಗುತ್ತದೆ. ಆವರಣವು ಶುದ್ಧವಾಯಿತೆಂದು ಕೈತೊಳೆದುಕೊಂಡು ಕುಳಿತರೆ ನಾವು ನಮ್ಮ ಹೊಣೆಯನ್ನು ಬಡವರ ಬಾಗಿಲಿಗೆ ತಳ್ಳಿದಂತಾಯಿತು. ಗೂಡುಗಳಿಗೆ ನಾಯಿಗಳು ಬರುವ ವೇಗದಲ್ಲಿ ಮನೆಗಳ ಬಾಗಿಲು ತೆರೆಯದಿದ್ದರೆ ಆಶ್ರಯಗಳು ಸೆರೆಮನೆಗಳಾಗುವುವು. ಆದಕಾರಣ ಮನೆಯನ್ನು ಹುಡುಕುವ ಈ ಕೆಲಸದ ಅಗತ್ಯವು ಹಿಂದೆಂದಿಗಿಂತಲೂ ಹೆಚ್ಚಾಗಿದೆಯೆಂದು ನಾವು ಹೇಳುವುದು.

ಪ್ರಿಯ ವಿದ್ಯಾರ್ಥಿನಿಯರೇ, ಹಾಗಾದರೆ ನೀವು ಮಾಡತಕ್ಕದ್ದೇನು? ಇಂದೇ ಒಂದು ಮರಿಯನ್ನು ಎತ್ತಿಕೊಂಡು ಮನೆಗೆ ಹೋಗಿರೆಂದು ನಾವು ಹೇಳುವುದಿಲ್ಲ. ಹಾಸ್ಟೆಲಿನ ಮಂಚದ ಕೆಳಗೆ ಬೆಕ್ಕಿನ ಮರಿಯನ್ನು ಬಚ್ಚಿಡುವುದು ದಯೆಯಲ್ಲವೆಂದು ಈ ವರುಷವೂ ಹೇಳಬೇಕಾಯಿತು. ಬೇಸಗೆಯ ರಜೆಯಲ್ಲಿ ಅದರ ಗತಿಯೇನು? ತಾಯಿತಂದೆಗಳು ಒಪ್ಪದೆ ಯಾವ ಪ್ರಾಣಿಯನ್ನೂ ತರಬೇಡಿರಿ. ಅವರು ಒಪ್ಪಿದ ಮನೆಗಳಲ್ಲಿಯಾದರೋ, ಹಣಕೊಟ್ಟು ಕೊಳ್ಳುವುದಕ್ಕೆ ಹೋಗದೆ, ನಿಮ್ಮ ಊರಿನ ಆಶ್ರಯಕ್ಕೆ ಹೋಗಿ ನೋಡಿರೆಂದು ಹೇಳಿರಿ. ಅಲ್ಲಿಗೆ ಬರುವವರು ಕೇಳುವ ಮೊದಲನೆಯ ಪ್ರಶ್ನೆಯು 'ಇದು ಯಾವ ಜಾತಿ?' ಎಂಬುದೇ ಎಂದು ನಮ್ಮ ಗೆಳತಿಯು ವ್ಯಸನಪಡುವರು. ಜಾತಿಯನ್ನು ಕೇಳದೆ ಎಲ್ಲ ಮನೆಗಳ ಹೆಣ್ಣುಮಕ್ಕಳನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ ಶಾಲೆಯಲ್ಲಿ ಓದಿದ ನೀವು ಆ ಪ್ರಶ್ನೆಯನ್ನು ನಾಯಿಯ ವಿಷಯದಲ್ಲಿಯೂ ಕೇಳದಿರಿ. ನಮ್ಮ ನಾಡಿನ ಸಾಮಾನ್ಯ ನಾಯಿಯು ನಮ್ಮ ಬಿಸಿಲಿಗೂ ಮಳೆಗೂ ಹೊಂದಿಕೊಂಡು ಬಂದದ್ದು. ಅದರ ಕೂದಲು ಚಿಕ್ಕದು, ರೋಗಗಳು ಕಡಿಮೆ, ಬುದ್ಧಿಯು ಚುರುಕು.

ಕರೆತಂದ ಮೇಲೆ ತಾಳ್ಮೆ ಬೇಕು. ಮೊದಲನೆಯ ದಿನಗಳಲ್ಲಿ ಅದು ಮಂಚದ ಕೆಳಗೆ ಅಡಗಿದರೆ ಎಳೆಯಬೇಡಿರಿ, ತಿನ್ನುವಾಗ ಮುಟ್ಟಬೇಡಿರಿ, ಪಟಾಕಿಯ ಹಬ್ಬದಲ್ಲಿ ಹೊರಗೆ ಬಿಡಬೇಡಿರಿ, ಸದ್ದಿಗೆ ಬೆದರಿ ಓಡಿಹೋದ ನಾಯಿಗಳು ದೀಪಾವಳಿಯ ಮರುದಿನ ಆಶ್ರಯಗಳಿಗೆ ಬರುವುದುಂಟು. ವರುಷಕ್ಕೊಮ್ಮೆ ರೇಬೀಸಿನ ಲಸಿಕೆಯನ್ನು ತಪ್ಪಿಸಕೂಡದು. ಮನೆಯಲ್ಲಿ ಸಾಕಲು ಆಗದವರೂ ಮಾಡಬಹುದಾದ ಕೆಲಸವುಂಟು. ಹಳೆಯ ಕಂಬಳಿ ಗೋಣಿಗಳನ್ನು ಕೂಡಿಸಿ ಕೊಡಬಹುದು. ರಜೆಯ ದಿನ ದೊಡ್ಡವರೊಡನೆ ಹೋಗಿ ಆಶ್ರಯದ ನಾಯಿಗಳನ್ನು ನಡೆದಾಡಿಸಬಹುದು. ಚೆನ್ನಾಗಿ ಬರೆಯಬಲ್ಲ ಹುಡುಗಿಯು ಯಾರಿಗೂ ಬೇಡವಾದ ಮುದಿನಾಯಿಯ ಸ್ವಭಾವವನ್ನು ನಾಲ್ಕು ಸಾಲಿನಲ್ಲಿ ಬರೆದು ಅದರ ಚಿತ್ರದೊಡನೆ ಹತ್ತು ಮನೆಗಳಿಗೆ ಮುಟ್ಟಿಸಬಹುದು. ನಮ್ಮ ಗೆಳತಿಯು ಕಳುಹಿಸಿದ ಎಷ್ಟೋ ಪ್ರಾಣಿಗಳಿಗೆ ಮನೆಯು ದೊರೆತದ್ದು ಇಂಥ ನಾಲ್ಕು ಸಾಲುಗಳಿಂದ. ಮತ್ತು ಇದನ್ನು ಎಲ್ಲರೂ ಕಂಠಪಾಠ ಮಾಡಿರಿ: ಯಾವ ನಾಯಿ ಕಚ್ಚಿದರೂ, ಪರಚಿದರೂ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ಬೈಗುಳಕ್ಕೆ ಹೆದರಿ ಮರೆಮಾಡದೆ, ಆ ದಿನವೇ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಹಾಕಿಸಿಕೊಳ್ಳಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿಗಳನ್ನು ಗಾಯಕ್ಕೆ ಮೆತ್ತಕೂಡದು.

ನಿಮ್ಮಲ್ಲಿ ಹಲವರು ಮುಂದೆ ಮನೆಗಳನ್ನು ನಡೆಯಿಸುವಿರಿ, ಕೆಲವರು ಕಚೇರಿಗಳನ್ನೂ ಆಸ್ಪತ್ರೆಗಳನ್ನೂ ನಡೆಯಿಸುವಿರಿ. ಆಗ ನಿಮ್ಮ ಬಾಗಿಲಿಗೆ ಬರುವ ನಿರಾಧಾರ ಜೀವಗಳಲ್ಲಿ ನಾಯಿ ಬೆಕ್ಕುಗಳು ಮಾತ್ರವೇ ಇರಲಾರವು. ಮುದುಕರಿರುವರು, ರೋಗಿಗಳಿರುವರು, ಕೆಲಸಕ್ಕೆಂದು ದೂರದಿಂದ ಬಂದ ಚಿಕ್ಕ ಹುಡುಗಿಯರಿರುವರು. ಮರುಗುವುದು ನಿಮಗೆ ಸುಲಭವಾಗಿ ಬಂದೀತು. ಮರುಗಿದ ಮೇಲೆ ನಾಳೆ ಬೆಳಿಗ್ಗೆ ಎದ್ದು ಮಾಡಬೇಕಾದ ಕೆಲಸವನ್ನು ನಾಳೆ ಬೆಳಿಗ್ಗೆಯೂ, ನಾಡಿದ್ದು ಬೆಳಿಗ್ಗೆಯೂ ಮಾಡುವುದನ್ನು ಅಭ್ಯಾಸದಿಂದ ಕಲಿಯಬೇಕು. ಒಂದು ಮೂಕಪ್ರಾಣಿಯನ್ನು ಅದರ ಆಯುಸ್ಸು ಮುಗಿಯುವ ತನಕ ಸರಿಯಾಗಿ ಸಾಕಿದವಳು ಆ ಅಭ್ಯಾಸವನ್ನು ಪಡೆದವಳೆಂದು ನಾವು ನಂಬಿದ್ದೇವೆ. ನಮ್ಮ ಗೆಳತಿಯ ರಿಜಿಸ್ಟರಿನಲ್ಲಿ ಇನ್ನೂ ಬರೆಯದ ಹಾಳೆಗಳು ಬಹಳ ಇವೆ. ನಿಮ್ಮ ಊರಿನ ಆಶ್ರಯದಲ್ಲಿಯೂ ಅಂಥ ಪುಸ್ತಕವೊಂದು ಇದ್ದೀತು. ಇಲ್ಲದಿದ್ದರೆ, ಗೆರೆಯೆಳೆದು ಅಂಕಣಗಳನ್ನು ಹಾಕುವುದನ್ನು ನಿಮಗೆ ಈ ಶಾಲೆಯಲ್ಲಿಯೇ ಕಲಿಸಿದೆ.